ನಿಮ್ಮಲ್ಲಿ ಎಷ್ಟು ಸೆಂಟ್ಸ್ ಮಳೆ ಬಂತು?

ಪ್ರಶ್ನೆ: ನಮಸ್ಕಾರ ಟೀಚರ್. ನನಗೆ 26 ವರ್ಷ. ಅಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ತಾತ ಸುಳ್ಯದ ಕಡೆಯಿಂದ ಬಂದವರು, ಮನೆಯಲ್ಲಿ ಅರೆಭಾಷೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಈಗ ಮನೆಯಿಂದಲೇ ಮಾಡುತ್ತಿದ್ದೇನೆ. ಕನ್ನಡದಲ್ಲಿ ಕವಿತೆ ಬರೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತೇನೆ. ಮಂಜು, ಮಳೆ, ಕಾಫಿ ಅಂತ ಬರೆದರೆ ಸಾವಿರಾರು ಲೈಕ್. ಬೇರೇನಾದರೂ ಬರೆದರೆ ಯಾರೂ ನೋಡುವುದಿಲ್ಲ. ಹೋದ ತಿಂಗಳು ಸುಮ್ನೆ ಎಐಗೆ 'ಕೊಡಗಿನ ಮಳೆ ಬಗ್ಗೆ ಒಂದು ಕವಿತೆ ಬರಿ' ಅಂದೆ. ಅರ್ಧ ನಿಮಿಷದಲ್ಲಿ ಬರೆಯಿತು. ನನ್ನದರ ಹಾಗೇ ಇತ್ತು, ನನ್ನದಕ್ಕಿಂತ ಚೆನ್ನಾಗಿತ್ತು. ಅವತ್ತಿನಿಂದ ಒಂದು ಸಾಲೂ ಬರೆದಿಲ್ಲ. ಇನ್ನೊಂದು ವಿಷಯ. ತೀರಿಕೊಂಡ ಅಜ್ಜಿ ಹೇಳುತ್ತಿದ್ದ ಸೋಬಾನೆ ಹಾಡೊಂದನ್ನು ರೀಲ್ ಮಾಡಿ ಹಾಕಿದೆ. ಮಧ್ಯದ ಎರಡು ಸಾಲು ಅರ್ಥವಾಗಲಿಲ್ಲ. ಅದನ್ನು ಬಿಟ್ಟು, ಮದುಮಗಳ ಮುಡಿಗೆ ಕಾಫಿ ಹೂ ಅಂತ ನಾನೇ ಎರಡು ಸಾಲು ಸೇರಿಸಿದೆ. ತುಂಬಾ ಜನ ಮೆಚ್ಚಿದರು. ದೊಡ್ಡಮ್ಮ ಮಾತ್ರ ಫೋನ್ ಮಾಡಿ 'ಹಾಡು ಕೆಡಿಸಿಬಿಟ್ಟೆ' ಅಂತ ಬೈದರು. ಅಜ್ಜಿಯ ಹಾಡು ನನ್ನದಲ್ಲ, ನನ್ನ ಕವಿತೆ ಯಂತ್ರಕ್ಕೂ ಬರುತ್ತದೆ, ಈ ಊರಿಗೂ ನಾವು ಹೊರಗಿಂದ ಬಂದವರೇ. ಹಾಗಾದರೆ ನನ್ನದು ಅಂತ ಏನಿದೆ? ನಾನು ಬರೆಯಬೇಕಾ?

ಉತ್ತರ:

ನಿಮ್ಮ ಪತ್ರ, ಜೊತೆಗೆ ಕಳಿಸಿದ ನಾಲ್ಕು ಕವಿತೆ ಎರಡನ್ನೂ ಓದಿದೆ. ಪತ್ರದಲ್ಲಿ ಒಂದು ಪದದ ಹತ್ತಿರ ತುಂಬಾ ಹೊತ್ತು ನಿಂತೆ. ಅಪ್ಪ ರೈಟರ್ ಅಂತ ಬರೆದಿದ್ದೀರಿ. ಬೇರೆ ಊರಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಕೊಡಗಿನ ಕಾಫಿ ತೋಟಗಳಲ್ಲಿ ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವವರನ್ನು ರೈಟರ್ ಅಂತಲೇ ಕರೆಯುತ್ತಾರೆ. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು, ಮಳೆ ಎಷ್ಟು ಬಿತ್ತು, ಎಲ್ಲ ಅವರ ಪುಸ್ತಕದಲ್ಲಿರುತ್ತದೆ. ನೀವು ಬರೆಯುವವರ ಮಗಳು. ನಿಮ್ಮ ಪ್ರಶ್ನೆಗೆ ಉತ್ತರವನ್ನು ಆ ಪುಸ್ತಕದಿಂದಲೇ ಶುರು ಮಾಡುತ್ತೇನೆ.

ಮಾರ್ಚ್ ತಿಂಗಳಲ್ಲಿ ಮಡಿಕೇರಿ ಸಂತೆಯಲ್ಲೋ ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೋ ಇಬ್ಬರು ಬೆಳೆಗಾರರು ಸಿಕ್ಕಿದರೆ ಮೊದಲ ಮಾತು ಏನು? "ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು?" ಒಂದು ಇಂಚಿಗೆ 100 ಸೆಂಟ್ಸ್. ಹೂ ಮಳೆ ಒಂದು ಇಂಚಿನ ಹತ್ತಿರ ಬಂದರೆ ರೊಬಸ್ಟಾ ಕಾಫಿಯ ಮೊಗ್ಗು ಚೆನ್ನಾಗಿ ಅರಳುತ್ತದೆ. ನಾಲ್ಕು ಹನಿ ಬಿದ್ದು ನಿಂತರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ, ಕೆರೆಯಲ್ಲಿ ನೀರಿದ್ದವರು ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಓಡಿಸುತ್ತಾರೆ. ಹೂ ಅರಳಿದ ಮೇಲೆ ಬ್ಯಾಕಿಂಗ್ ಮಳೆಗೆ, ಅಂದರೆ ಕಾಯಿ ಕಚ್ಚಲು ಬೇಕಾದ ಎರಡನೇ ಮಳೆಗೆ ಕಾಯಬೇಕು. ರಸ್ತೆಯ ಈ ಕಡೆಯ ತೋಟದಲ್ಲಿ 90 ಸೆಂಟ್ಸ್ ಬಿದ್ದಿರುತ್ತದೆ, ಆ ಕಡೆ ಬರೀ ಗುಡುಗು. ಮಳೆಗಾಲದಲ್ಲೂ ಅಷ್ಟೇ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದುಂಟು. ಅದೇ ಜಿಲ್ಲೆಯ ಕುಶಾಲನಗರದಲ್ಲಿ ಅದರ ಅರ್ಧವೂ ಬೀಳುವುದಿಲ್ಲ.

ಅಂದಮೇಲೆ 'ಕೊಡಗಿನ ಮಳೆ' ಅಂತ ಒಂದು ಮಳೆ ಎಲ್ಲಿದೆ? ಎಐ ಹತ್ತಿರ ನೀವು ಕೇಳಿದ್ದು ಆ ಎಲ್ಲೂ ಬೀಳದ ಮಳೆಯನ್ನು. ಆ ಯಂತ್ರ ಈಗಾಗಲೇ ಜನ ಬರೆದಿಟ್ಟ ಕೋಟಿಗಟ್ಟಲೆ ಸಾಲುಗಳಿಂದ ಕಲಿತಿರುತ್ತದೆ. ಒಂದು ಪದ ಆದಮೇಲೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕುತ್ತಾ ಮುಂದೆ ಹೋಗುತ್ತದೆ. ಕೊಡಗು ಅಂದರೆ ಮಂಜು, ಮಂಜು ಅಂದರೆ ಮುಸುಕು, ಕಾಫಿ ಅಂದರೆ ಘಮ. ಎಲ್ಲರೂ ಬರೆದ ಮಳೆಯನ್ನೇ ಅದು ನಿಮಗೂ ಕೊಟ್ಟಿತು. ನೀವೂ ಅದೇ ಮಳೆಯನ್ನೇ ಬರೆಯುತ್ತಿದ್ದಿರಿ. ಅದಕ್ಕೇ ಎರಡೂ ಒಂದೇ ಥರ ಕಂಡವು.

ಇದನ್ನು ನಿಮ್ಮನ್ನು ನೋಯಿಸಲಿಕ್ಕೆ ಹೇಳುತ್ತಿಲ್ಲ. ನಿಮ್ಮ ಎರಡನೇ ಕವಿತೆ ತೆಗೆದು ನೋಡಿ. ಡಿಸೆಂಬರಿನ ಬೆಳಿಗ್ಗೆ, 'ತೋಟದ ತುಂಬ ಕಾಫಿಯ ಘಮ' ಅಂತ ಬರೆದಿದ್ದೀರಿ. ನೀವು ಹುಟ್ಟಿ ಬೆಳೆದದ್ದು ತೋಟದಲ್ಲಿ. ಅಲ್ಲಿ ಕಾಫಿಯ ಘಮ ಯಾವತ್ತು ಬಂದಿತ್ತು ಹೇಳಿ? ಹೂ ಬಿಟ್ಟಾಗ ಮಲ್ಲಿಗೆಯ ಹಾಗೆ ವಾಸನೆ ಬರುತ್ತದೆ, ಅದೂ ಎರಡು ಮೂರು ದಿನ. ಡಿಸೆಂಬರಿನಲ್ಲಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ ನಡೆಯುವಾಗ ಬರುವುದು ಕೊಳೆತ ಸಿಪ್ಪೆಯ ಹುಳಿ ವಾಸನೆ. ಸಿಪ್ಪೆ ಸಮೇತ ಕಣದಲ್ಲಿ ಒಣಗುವ ಹಣ್ಣಿನದು, ಚೆರಿಯದು, ಇನ್ನೊಂದು. ನಾವು ಕುಡಿಯುವ ಕಾಫಿಯ ಘಮ ಬೀಜ ಹುರಿದ ಮೇಲಷ್ಟೇ. ಇದೆಲ್ಲ ನಿಮ್ಮ ಮೂಗಿಗೆ ಚಿಕ್ಕಂದಿನಿಂದ ಗೊತ್ತು. ಬರೆಯಲು ಕೂತಾಗ ಅದನ್ನು ಕೇಳಲಿಲ್ಲ. ವಾರದ ಕೊನೆಗೆ ಊರು ನೋಡಲು ಬರುವವರು ಏನನ್ನು ಇಷ್ಟಪಡುತ್ತಾರೋ ಅದನ್ನು ಬರೆದಿರಿ, ಅವರು ಇಷ್ಟಪಟ್ಟರು. ಯಂತ್ರಕ್ಕೆ ನೀವು ಸೋತಿದ್ದು ಆ ಸಾಲುಗಳಲ್ಲಿ ಮಾತ್ರ. ಆ ಹುಳಿ ವಾಸನೆಯ ಸಾಲನ್ನು ನೀವು ಇನ್ನೂ ಬರೆದೇ ಇಲ್ಲವಲ್ಲ.

ಇಷ್ಟು ಕೇಳಿದ ಮೇಲೆ ನಿಮಗೆ ಅನ್ನಿಸಬಹುದು, ಹಾಗಾದರೆ ಯಾರೂ ಹೇಳದ್ದನ್ನೇ ಹೇಳಬೇಕು, ಸಿದ್ಧ ಸಾಲುಗಳನ್ನು ಮುಟ್ಟಲೇಬಾರದು ಅಂತ. ನಾನೂ ತುಂಬಾ ವರ್ಷ ಹಾಗೇ ನಂಬಿದ್ದೆ. ನನ್ನ ಮನಸ್ಸು ಬದಲಾದದ್ದು ದುಡಿ ಹಾಡು ಕೇಳುತ್ತಾ ಕೇಳುತ್ತಾ.

ಕೊಡವ ಮದುವೆಗಳಲ್ಲಿ, ಪುತ್ತರಿ ಅನ್ನುವ ಸುಗ್ಗಿ ಹಬ್ಬದಲ್ಲಿ ನಾಲ್ಕು ಜನ ಗಂಡಸರು ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು ನಿಂತು ಹಾಡುವುದನ್ನು ನೋಡಿರುತ್ತೀರಿ. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಆ ಸಾಲುಗಳು ಬಹುಪಾಲು ಹಳೆಯವೇ. ದೇವರ ಹೆಸರು, ಸೂರ್ಯ ಚಂದ್ರ, ನಾಡಿನ ವರ್ಣನೆ, ಮನೆಯ ವರ್ಣನೆ. ಇಂಥ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಅವರು ಊರೂರಿನಿಂದ ಸೇರಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಅಚ್ಚು ಹಾಕಿಸಿದರು. ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು ಅವರು. ಕೊಡವ ಭಾಷೆಯ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರು. ಆ ಪುಸ್ತಕ ತೆರೆದರೆ ಒಂದೇ ಬಗೆಯ ಸಾಲು ಬೇರೆ ಬೇರೆ ಹಾಡಿನಲ್ಲಿ ಬರುವುದು ಕಾಣುತ್ತದೆ. ಯಾರೂ ಅದನ್ನು ಕದ್ದದ್ದು ಅನ್ನುವುದಿಲ್ಲ.

ಹಾಗಾದರೆ ಆ ಹಾಡುಗಾರರಿಗೂ ನಿಮ್ಮ ಫೋನಿನ ಯಂತ್ರಕ್ಕೂ ಏನು ವ್ಯತ್ಯಾಸ? ಇಬ್ಬರದೂ ಸಿದ್ಧ ಸಾಲೇ ಅಲ್ವಾ?

ನಾನು ಕಂಡದ್ದು ಇಷ್ಟು. ಹಾಡುವವರು ನಿಂತಿರುವುದು ಒಂದು ಮನೆಯ ಅಂಗಳದಲ್ಲಿ. ಹಳೆಯ ಸಾಲುಗಳ ನಡುವೆ ಈ ಮನೆಯ ಒಕ್ಕದ, ಅಂದರೆ ಮನೆತನದ ಹೆಸರು ಬರಬೇಕು, ಈ ಹುಡುಗಿ ಯಾವ ಮನೆಯಿಂದ ಯಾವ ಮನೆಗೆ ಹೋಗುತ್ತಿದ್ದಾಳೆ ಅನ್ನುವುದು ಬರಬೇಕು. ಎದುರಿಗೆ ಬೆಂಚಿನ ಮೇಲೆ ಎಂಬತ್ತು ವರ್ಷದ ಹಿರಿಯರು ಕೂತಿರುತ್ತಾರೆ. ಹೆಸರು ತಪ್ಪಿದರೆ, ಹಿಂದು ಮುಂದಾದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಹಾಡುವವನ ಗಂಟಲಲ್ಲಿ ಆ ಎಚ್ಚರ ಇರುತ್ತದೆ. ಆ ಎಚ್ಚರದಿಂದಾಗಿ ನೂರು ವರ್ಷ ಹಳೆಯ ಸಾಲು ಆವತ್ತಿನ ಸಾಲಾಗುತ್ತದೆ. ನನ್ನ ಮಟ್ಟಿಗೆ ಸ್ವಂತಿಕೆ ಅಂದರೆ ಇದು: ತಪ್ಪು ಹೇಳಿದರೆ ಹಿಡಿಯಬಲ್ಲವರ ಎದುರು ನಿಂತು ಹೇಳುವುದು.

ನಿಮ್ಮ ಅಪ್ಪನ ಪುಸ್ತಕವೂ ಹಾಗೇ. ಕೂಲಿ ಬಟವಾಡೆಯ ದಿನ ಒಬ್ಬರ ಹೆಸರಿನ ಮುಂದೆ ಅರ್ಧ ದಿನ ಕಡಿಮೆ ಬರೆದಿದ್ದರೆ ಅವರು ಎದ್ದು ನಿಂತು ಕೇಳುತ್ತಾರೆ. ಅಲ್ಲಿ ಪ್ರತಿ ಸಾಲಿಗೂ ಕೇಳುವವರಿದ್ದಾರೆ.

ಈಗ ನಿಮ್ಮ ರೀಲಿನ ವಿಷಯಕ್ಕೆ ಬರೋಣ. ಸಾವಿರಾರು ಜನ ಮೆಚ್ಚಿದರು. ತಪ್ಪು ಹಿಡಿದದ್ದು ಒಬ್ಬರೇ, ನಿಮ್ಮ ದೊಡ್ಡಮ್ಮ. ನೀವು ಆ ಫೋನನ್ನು ನೋವಿನ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ. ನನಗೆ ನಿಮ್ಮ ಇಡೀ ಪತ್ರದಲ್ಲಿ ಕಂಡ ದೊಡ್ಡ ಆಸ್ತಿ ಅದೇ. ಆ ಹಾಡು ಗೊತ್ತಿರುವವರು, ನೀವು ಅದನ್ನು ಸರಿಯಾಗಿ ಹೇಳಬೇಕು ಅಂತ ಆಸೆ ಇರುವವರು ಒಬ್ಬರು ಇನ್ನೂ ಇದ್ದಾರೆ. ಎಷ್ಟೋ ಜನ ಬರೆಯುವವರಿಗೆ ಅಂಥವರು ಒಬ್ಬರೂ ಇಲ್ಲ.

ದೊಡ್ಡಮ್ಮ ಯಾಕೆ ಬೈದರು ಅಂತ ನೀವು ಕೇಳಿದಿರಾ? ಪತ್ರದಲ್ಲಿ ಅದಿಲ್ಲ. ನನ್ನದೊಂದು ಊಹೆ ಇದೆ. ಮದುಮಗಳ ಮುಡಿಗೆ ಕಾಫಿ ಹೂ ಇಟ್ಟಿದ್ದೀರಿ. ಕಾಫಿ ಹೂವನ್ನು ನಮ್ಮಲ್ಲಿ ಯಾರಾದರೂ ಕೊಯ್ದು ಮುಡಿಯುತ್ತಾರಾ? ಆ ಹೂ ಗಿಡದಲ್ಲೇ ನಿಂತು ಕಾಯಿ ಕಚ್ಚಬೇಕು. ಕೊಯ್ದರೆ ಮುಂದೆ ಹಣ್ಣಿಲ್ಲ. ಮನೆ ತುಂಬಲಿ, ಮಡಿಲು ತುಂಬಲಿ ಅಂತ ಹರಸುವ ಹಾಡಿನ ನಡುವೆ, ಕಾಯಿ ಕಚ್ಚುವ ಮೊದಲೇ ಕಿತ್ತ ಹೂ ಬಂದರೆ ತೋಟದಲ್ಲಿ ಬದುಕಿದ ಹೆಂಗಸಿಗೆ ಹೇಗೆ ಕೇಳಿಸಿರಬೇಕು? ಫೋಟೋದಲ್ಲಿ ಅದು ಚೆಂದ. ಹಾಡಿನಲ್ಲಿ ಅದು ಅಪಶಕುನದ ಹಾಗಾಯಿತು. ನನ್ನ ಊಹೆ ತಪ್ಪಿರಬಹುದು, ದೊಡ್ಡಮ್ಮನ ಹತ್ತಿರ ಬೇರೆಯೇ ಕಾರಣ ಇರಬಹುದು. ಹೋಗಿ ಕೇಳಿ. ಫೋನಿನಲ್ಲಿ ಬೇಡ. ಅವರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಕೂತು ಕೇಳಿ. ನಿಮಗೆ ಅರ್ಥವಾಗದೆ ಬಿಟ್ಟ ಆ ಎರಡು ಸಾಲು ಇವೆಯಲ್ಲ, ಅವನ್ನು ಮೊದಲು ಕೇಳಿ. ಅರ್ಥವಾಗದ ಸಾಲಿನಲ್ಲೇ ಹಳೆಯ ಒಂದು ಪಾತ್ರೆಯ ಹೆಸರೋ ಒಂದು ಶಾಸ್ತ್ರದ ಹೆಸರೋ ಕೂತಿರುತ್ತದೆ. ಅದು ಹೋದರೆ ಮತ್ತೆ ಸಿಗುವುದಿಲ್ಲ.

ಅಜ್ಜಿಯ ಹಾಡು ಬಳಸಿದರೆ ಕದ್ದ ಹಾಗಾ ಅನ್ನುವ ಭಯಕ್ಕೂ ಇಲ್ಲೇ ಉತ್ತರ ಇದೆ. ಹಾಡು ಯಾರಿಂದ ಬಂತು ಅಂತ ಹೇಳಿ, ಎಲ್ಲಿ ನೀವು ಬದಲಿಸಿದಿರಿ ಅಂತಲೂ ಹೇಳಿ. ಆಮೇಲೆ ಹೊಸ ಸಾಲು ಕಟ್ಟಲು ಹಿಂಜರಿಯಬೇಡಿ, ಸೋಬಾನೆ ಹಾಡುವ ಹೆಂಗಸರು ಯಾವಾಗಲೂ ಕಟ್ಟಿದ್ದಾರೆ. ಒಂದು ಎಚ್ಚರ ಮಾತ್ರ ಇರಲಿ. ಸಾವಿನ ಹಾಡುಗಳು, ದೇವರ ಹಾಡುಗಳು ಅವುಗಳ ಹೊತ್ತಿಗೆ ಮಾತ್ರ ಹೇಳುವಂಥವು. ಅವನ್ನು ರೀಲಿಗೆ ತರುವ ಮೊದಲು ಮನೆಯವರ ಒಪ್ಪಿಗೆ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ.

ತಪ್ಪು ಹಿಡಿಸಿಕೊಂಡ ನನ್ನದೊಂದು ಅನುಭವ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಕಥೆ ಬರೆದೆ. ಅದರಲ್ಲಿ ಒಬ್ಬಳು ಹೆಂಗಸು ಬುಟ್ಟಿ ಹಿಡಿದು ಒಂದೊಂದೇ ಕೆಂಪು ಹಣ್ಣು ಬಿಡಿಸುತ್ತಾಳೆ. ನಮ್ಮ ಶಾಲೆಯ ಒಬ್ಬ ಹುಡುಗನ ತಾಯಿ ಅದನ್ನು ಮಗನ ಕೈಯಲ್ಲಿ ಓದಿಸಿ ಕೇಳಿದರು. ಮರುದಿನ ಶಾಲೆಯ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು: "ಟೀಚರ್, ರೊಬಸ್ಟಾಕ್ಕೆ ಬುಟ್ಟಿ ಹಿಡಿಯಲ್ಲ. ಗಿಡದ ಬುಡಕ್ಕೆ ಟಾರ್ಪಲ್ ಹಾಸ್ತೀವಿ, ಕೈಯಲ್ಲಿ ಗೊಂಚಲು ಎಳೀತೀವಿ. ಕೆಂಜಿಗ ಕಚ್ಚೋದನ್ನ ನೀವು ಬರೆದೇ ಇಲ್ಲ." ನನಗೆ ಆ ದಿನ ಊಟ ಸೇರಲಿಲ್ಲ. ಆದರೆ ಅವರು ಹೇಳಿದ ಮೂರು ಮಾತಿನಲ್ಲಿ ನನ್ನ ಹನ್ನೆರಡು ಪುಟಕ್ಕಿಂತ ಜಾಸ್ತಿ ಕಥೆ ಇತ್ತು. ಇರುವೆ ಕಚ್ಚುತ್ತಿರುವಾಗಲೂ ಕೆಜಿ ಲೆಕ್ಕಕ್ಕಾಗಿ ಕೈ ನಿಲ್ಲಿಸದ ಹೆಂಗಸು ಆ ಮಾತಿನಲ್ಲಿದ್ದಳು. ಅವತ್ತಿನಿಂದ ಏನೇ ಬರೆದರೂ, ಅದು ಯಾರ ಬದುಕೋ ಅವರಿಗೆ ಒಮ್ಮೆ ಓದಿ ಹೇಳುತ್ತೇನೆ.

ಇನ್ನೊಂದು ನೆನಪು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ, ಶಾಲೆ ಮತ್ತೆ ಶುರುವಾದಾಗ, ಮಕ್ಕಳಿಗೆ 'ಮಳೆ' ಬಗ್ಗೆ ಬರೆಯಲು ಹೇಳಿದೆ. ಹೇಳಬಾರದಿತ್ತೇನೋ. ಹಿಂದಿನ ವರ್ಷಗಳಲ್ಲಿ ಅದೇ ಮಕ್ಕಳು ಪುಸ್ತಕದ ಮಳೆ ಬರೆಯುತ್ತಿದ್ದರು, ನವಿಲು, ಕಾಗದದ ದೋಣಿ. ಈ ಸಲ ಮಕ್ಕಂದೂರು ಕಡೆಯ ಒಬ್ಬಳು ಹುಡುಗಿ ಬರೆದದ್ದು ಬರೀ ಒಂದು ಪಟ್ಟಿ. ಮನೆ ಬಿಡುವಾಗ ಯಾರ ಕೈಯಲ್ಲಿ ಏನಿತ್ತು ಅಂತ. ಅಮ್ಮನ ಕೈಯಲ್ಲಿ ತಮ್ಮ. ಅಪ್ಪನ ಕೈಯಲ್ಲಿ ರೇಷನ್ ಕಾರ್ಡಿನ ಚೀಲ. ಅಜ್ಜನ ಕೈಯಲ್ಲಿ ಟಾರ್ಚು, ಸೆಲ್ ಇಲ್ಲ. ನನ್ನ ಕೈಯಲ್ಲಿ ಕೋಳಿ. ಅದರಲ್ಲಿ ಮಳೆ ಅನ್ನುವ ಪದವೇ ಇರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಮಳೆಯ ಬಗ್ಗೆ ಅದಕ್ಕಿಂತ ಒಳ್ಳೆಯದನ್ನು ಯಾವ ಮಗುವೂ ಬರೆದುಕೊಟ್ಟಿಲ್ಲ. ಆ ಸೆಲ್ ಇಲ್ಲದ ಟಾರ್ಚು ಯಾವ ಯಂತ್ರದ ಲೆಕ್ಕಕ್ಕೂ ಸಿಗುತ್ತಿರಲಿಲ್ಲ, ಯಾಕೆಂದರೆ ಅದು ಆ ಒಬ್ಬ ಅಜ್ಜನ ಕೈಯಲ್ಲಿ ಮಾತ್ರ ಇತ್ತು.

ಇದನ್ನು ಓದಿ ನೀವು ನಾಳೆಯೇ ತೋಟದ ಮನೆಮನೆಯ ಗುಟ್ಟನ್ನೆಲ್ಲ ಬರೆದು ಹಾಕಬೇಡಿ. ಇದು ನನಗೆ ತುಂಬಾ ಮುಖ್ಯ. ಇತ್ತೀಚೆಗೆ 'ನಿಜವಾಗಿರಬೇಕು' ಅಂದರೆ ಒಳಗಿದ್ದದ್ದನ್ನೆಲ್ಲ ಹೊರಗೆ ಹರಡಬೇಕು ಅಂತ ಆಗಿಬಿಟ್ಟಿದೆ. ನಿಮ್ಮ ಅಪ್ಪ ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ. ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ ಹೆಂಗಸರು ನಿಮ್ಮ ಮೇಲೆ ನಂಬಿಕೆ ಇಟ್ಟು ಮಾತಾಡುತ್ತಾರೆ. ಅವರನ್ನು ನೋಯಿಸಿ ಬರೆದದ್ದು ಎಷ್ಟೇ ನಿಜವಾದರೂ ಬೇಡ.

ನಿಮ್ಮೂರಿನವರೇ ಒಬ್ಬರು ಇದಕ್ಕೆ ದಾರಿ ತೋರಿಸಿದ್ದಾರೆ. ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಗಂಡ ಸುಂಟಿಕೊಪ್ಪದ ಗುಂಡುಗುತ್ತಿ ತೋಟದಲ್ಲಿ ಮ್ಯಾನೇಜರ್. ಅಂದರೆ ನಿಮ್ಮ ಹಾಗೇ ಬೇರೆಯವರ ತೋಟದಲ್ಲಿ ಬದುಕಿದ ಮನೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕು ಅಂತ ಗೌರಮ್ಮ ಉಪವಾಸ ಕೂತರು. ಅವರು ಬಂದಾಗ ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ಕಥೆಗಳಿಗೆ ಹಾಕುತ್ತಿದ್ದ ಹೆಸರು ಮಿಸೆಸ್ ಬಿ.ಟಿ.ಜಿ. ಕೃಷ್ಣ ಅಂತ. ಆ ಹೆಸರಿನ ಮರೆಯಲ್ಲಿ ನಿಂತು ವಿಧವೆಯರ ಬದುಕು, ಹೆಣ್ಣುಮಕ್ಕಳ ಮದುವೆಯ ಸಂಕಟ ಬರೆದರು. ಅದೂ ಎಷ್ಟು ಸರಳ ಕನ್ನಡದಲ್ಲಿ! ಮಂಜು ಬೆಟ್ಟದ ವರ್ಣನೆಗೆ ಅವರು ಕಾಗದ ಖರ್ಚು ಮಾಡಿದವರಲ್ಲ. 1939ರಲ್ಲಿ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡಾಗ ಅವರಿಗೆ 27 ವರ್ಷ. ಇವತ್ತಿಗೂ ಓದುತ್ತೇವೆ. ಹೆಸರು ಮರೆಮಾಡಿದರೂ ಕಂಡದ್ದನ್ನು ಅವರು ಮರೆಮಾಡಲಿಲ್ಲ. ನೀವೂ ಹೆಸರು ಬದಲಿಸಿ, ತೋಟ ಬದಲಿಸಿ. ಕೆಂಜಿಗ ಕಚ್ಚಿದ್ದನ್ನು ಬದಲಿಸಬೇಡಿ.

ಹೊರಗಿಂದ ಬಂದವರು ಅನ್ನುವ ಮಾತಿಗೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಸುಳ್ಯದ ಸೀಮೆ ಕೊಡಗಿನ ರಾಜರ ಕೈಯಲ್ಲೇ ಇತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ಹಿಡಿದ ಮೇಲೆ ಅದನ್ನು ಕೆನರಾ ಜಿಲ್ಲೆಗೆ, ಅಂದರೆ ಕರಾವಳಿಯ ಕಡೆಗೆ ಸೇರಿಸಿದರು. ನಿಮ್ಮ ಮನೆ ಮುಂದಿನ ತೋಟವನ್ನೇ ನೋಡಿ. ರೊಬಸ್ಟಾ ಆಫ್ರಿಕಾದ್ದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಅದಕ್ಕೆ ಹಬ್ಬಿರುವ ಕಾಳುಮೆಣಸಿನ ಬಳ್ಳಿ ಈ ಘಟ್ಟದ್ದೇ. ನೀವು ಕನ್ನಡದಲ್ಲಿ ಬರೆದರೂ, ಅರೆಭಾಷೆಯಲ್ಲೇ ಬರೆದರೂ ಸರಿ. ಅಜ್ಜಿ ಬೈಯುವಾಗ ಯಾವ ಮಾತಿನಲ್ಲಿ ಬೈಯುತ್ತಿದ್ದರೋ ಆ ಮಾತು ಕಥೆಯಲ್ಲಿ ಹಾಗೇ ಬರಲಿ. ಓದುವವರು ಹಿಂದು ಮುಂದು ನೋಡಿ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಏನು ಮಾಡಬೇಕು ಅಂತ. ಕೆಲಸ ಬಿಡಬೇಡಿ. ಇನ್‌ಸ್ಟಾಗ್ರಾಮ್ ಮುಚ್ಚಬೇಕು ಅಂತಲೂ ಇಲ್ಲ. ಆದರೆ ಬರೆದ ದಿನವೇ ಹಾಕಬೇಡಿ. ಒಂದು ವಾರ ಮನೆಯಲ್ಲೇ ಇರಲಿ. ಅಷ್ಟರಲ್ಲಿ ಒಬ್ಬರಿಗಾದರೂ ಗಟ್ಟಿಯಾಗಿ ಓದಿ. ಅಪ್ಪ ಕೇಳಿ "ಹಾಗಲ್ಲ ಅದು" ಅಂದರೆ ಪೆನ್ಸಿಲ್ ಹಿಡಿದುಕೊಳ್ಳಿ. ಎಐಯನ್ನು ಕಾಗುಣಿತ ನೋಡಲು ಬಳಸಿದರೆ ನನ್ನ ತಕರಾರಿಲ್ಲ. ಮೊದಲ ಸಾಲು ಮಾತ್ರ ಅದರ ಹತ್ತಿರ ಕೇಳಬೇಡಿ. ಮೊದಲ ಸಾಲು ಸಿಗದೆ ಒದ್ದಾಡುವ ಹೊತ್ತಿನಲ್ಲೇ ಆ ಹುಳಿ ವಾಸನೆ ನೆನಪಾಗುವುದು. ಆ ಹೊತ್ತನ್ನು ಕಳೆದುಕೊಂಡರೆ ನಷ್ಟ ನಿಮಗೇ.

ಲೈಕ್ ಕಡಿಮೆಯಾಗುತ್ತದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಮೊದಲ ಕೆಲವು ತಿಂಗಳು ಬೇಜಾರಾಗುತ್ತದೆ. ಆ ಬೇಜಾರಿಗೆ ನನ್ನ ಹತ್ತಿರ ಮದ್ದಿಲ್ಲ.

ಇವತ್ತು ಸಂಜೆ ಅಪ್ಪ ಬಂದ ಮೇಲೆ ಹಳೆಯ ಮಳೆ ಪುಸ್ತಕ ಇದ್ದರೆ ತೆಗೆಸಿ. ನೀವು ಹುಟ್ಟಿದ ತಿಂಗಳ ಪುಟ ಹುಡುಕಿ. ಆ ದಿನ ಎಷ್ಟು ಸೆಂಟ್ಸ್ ಬಿದ್ದಿತ್ತು, ಆಸ್ಪತ್ರೆಗೆ ಹೋಗುವಾಗ ಜೀಪು ಸಿಕ್ಕಿತಾ, ಅಜ್ಜಿ ಏನು ಮಾಡುತ್ತಿದ್ದರು, ಕೇಳಿ ಬರೆಯಿರಿ. ಮುಗಿದ ಮೇಲೆ ದೊಡ್ಡಮ್ಮನ ಮನೆಗೆ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ. ಆ ಎರಡು ಸಾಲು ಏನಿತ್ತು ಅಂತ ಅವರು ಹೇಳಿದ ಮೇಲೆ ನನಗೂ ಒಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ. ಕಾಗದದ ಮೂಲೆಯಲ್ಲಿ ಈ ಸಲ ನಿಮ್ಮಲ್ಲಿ ಹೂ ಮಳೆ ಎಷ್ಟು ಬಂತು ಅನ್ನುವುದನ್ನೂ ಹಾಕಿ.